ನಾನು ಚಿಚಿ ಪಾರ್ಟಿ

"ಹೋಂವರ್ಕ್ ಆಯ್ತೇನೋ" ಎಂದು ಮೂರನೇ ಸಲ ಕೇಳಿದ್ದಕ್ಕೆ ಮಗರಾಯ ಟಿವಿಯಿಂದ ಕಣ್ಣು ತೆಗೆಯದೆ, "ಅಮ್ಮಾ, ನೀನು ಥೇಟ್ ಚಿಚಿ" ಅಂದ. ನನಗೆ ಕೇಳಿಸಿದ್ದು ಛೀ ಛೀ. ಹೆತ್ತ ತಾಯಿಗೆ ಛೀ ಛೀ ಅನ್ನುವ ಕಾಲ ಬಂತಲ್ಲ ಎಂದು ಸೌಟು ಹಿಡಿದೇ ಹಾಲ್‌ಗೆ ಬಂದೆ. ಆಮೇಲೆ ಗೊತ್ತಾಯಿತು, ಚಿಚಿ ಅನ್ನುವವಳು ಅವನು ನೋಡುವ ಡ್ರ್ಯಾಗನ್ ಬಾಲ್ ಎಂಬ ಜಪಾನಿ ಕಾರ್ಟೂನಿನ ಹೀರೋ ಗೋಕುವಿನ ಹೆಂಡತಿ. ಮೂರು ಹೊತ್ತೂ ಮಗನಿಗೆ ಓದು ಓದು ಅನ್ನುವವಳು. ಅವಳನ್ನು ಕಂಡರೆ ಯಾರಿಗೂ ಆಗೋದಿಲ್ಲವಂತೆ.

"ಯಾರಿಗೂ ಅಂದ್ರೆ?"

"ಇಡೀ ಪ್ರಪಂಚಕ್ಕೆ."

ಇಡೀ ಪ್ರಪಂಚ ಸೇರಿ ಒಬ್ಬ ಹೆಂಗಸಿನ ಮೇಲೆ ಬಿದ್ದಿದೆ ಅಂದಮೇಲೆ ವಿಚಾರಿಸದೆ ಬಿಡೋದು ಹೇಗೆ? ಅವರೆಕಾಯಿ ಕಾಲ ಬೇರೆ. ಎರಡು ಕೆಜಿ ಬಿಡಿಸಿ, ನೆನೆಸಿ, ಹಿತುಕೋಕೆ ಕೂತರೆ ನಾಲ್ಕು ಎಪಿಸೋಡು ಆರಾಮಾಗಿ ಮುಗಿಯುತ್ತವೆ. ಆ ಚಳಿಗಾಲ ನಮ್ಮ ಮನೆಯವರು ಹಿತಕವರೆ ಸಾರು ತಿಂದೂ ತಿಂದೂ ಸುಸ್ತಾದರು.

ಮೊದಲು ಗಮನಕ್ಕೆ ಬಂದದ್ದು ಹೆಸರುಗಳು. ಗೋಕು ಬೇರೆ ಗ್ರಹದಿಂದ ಬಂದವನು, ಹುಟ್ಟಿದಾಗ ಇಟ್ಟ ಹೆಸರು ಕಾಕರಾಟ್. ಅಂದರೆ ಕ್ಯಾರೆಟ್. ಅವನ ಅಣ್ಣ ರಾಡಿಟ್ಜ್, ಮೂಲಂಗಿ. ಭೂಮಿ ಹಾಳು ಮಾಡಲು ಬರುವ ನಾಪಾ, ಜಪಾನಿನವರ ಸೊಪ್ಪು. ಇವರೆಲ್ಲರ ಯುವರಾಜ ವೆಜಿಟಾ. ಮಹಾದುಷ್ಟ ಫ್ರೀಜಾ, ನಮ್ಮ ಫ್ರಿಜ್ಜಿನ ಮೇಲಿನ ಭಾಗ. ಗೋಕು ಚಿಚಿಯರ ಮಗ ಗೋಹಾನ್, ಅನ್ನ. ಚಿಚಿ ಅಂದರೆ ಹಾಲು, ಏಕೆಂದರೆ ಅವಳಪ್ಪ ಎತ್ತಿನ ರಾಜ. ಟಿವಿಗೆ ಮೂಲವಾದ ಚಿತ್ರಕಥೆಯನ್ನು ಅಕಿರಾ ತೊರಿಯಾಮಾ 1984ರಿಂದ 1995ರವರೆಗೆ ಬರೆದರು, 42 ಪುಸ್ತಕ ಆಯಿತು. ಕೂತಿದ್ದು ಅಡುಗೆಮನೆ ಕಟ್ಟೆ ಮೇಲೆಯೇ ಇರಬೇಕು. ಗೋಕು ಎರಡು ಅಂಗೈ ಸೇರಿಸಿ ಬಿಡುವ ಪ್ರಸಿದ್ಧ ಏಟು ಇದೆಯಲ್ಲ, ಕಮೇಹಮೇಹಾ, ಅದಕ್ಕೆ ಹವಾಯಿಯ ರಾಜನ ಹೆಸರನ್ನು ಸೂಚಿಸಿದ್ದು ತೊರಿಯಾಮಾ ಅವರ ಹೆಂಡತಿ. ಇದನ್ನು ಮಗನಿಗೆ ಎರಡು ಸಲ ಹೇಳಿದೆ.

ಇನ್ನು ಮದುವೆ. ಚಿಕ್ಕಂದಿನಲ್ಲಿ ಮದುವೆಯಾಗ್ತೀಯಾ ಅಂದಿದ್ದಕ್ಕೆ ಗೋಕು ಹೂಂ ಅಂದಿದ್ದ. ಅದೇನೋ ತಿನ್ನೋ ಪದಾರ್ಥ ಅಂದುಕೊಂಡಿದ್ದನಂತೆ! ವರ್ಷಗಳಾದ ಮೇಲೆ ಅವಳು ಹೆಸರು ಹೇಳದೆ ಪಂದ್ಯಕ್ಕೆ ಬಂದು, ಅಖಾಡದಲ್ಲೇ ಎದುರು ನಿಂತು ಕೊಟ್ಟ ಮಾತು ಕೇಳುತ್ತಾಳೆ. "ಸರಿ, ಆಗೋಣ" ಅನ್ನುತ್ತಾನೆ. ಆಯಿತು ಮದುವೆ. ಅಲ್ಲಿಂದ ಮುಂದೆ ನಾನು ನೋಡಿದಷ್ಟರಲ್ಲಿ ಅವನು ಒಂದು ಕೆಲಸಕ್ಕೂ ಹೋದ ದಾಖಲೆ ಇಲ್ಲ.

ಹೊಡೆದಾಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಈ ಗ್ರಹ ಐದು ನಿಮಿಷದಲ್ಲಿ ಸಿಡಿಯುತ್ತೆ ಅನ್ನುತ್ತಾನೆ ಫ್ರೀಜಾ. ನಾನು ಮೂರು ದಿನ ಅವರೆ ಹಿತುಕಿದೆ, ಗ್ರಹ ಅಲ್ಲೇ ಇತ್ತು. ವಾರ ವಾರ ಟಿವಿಯಲ್ಲಿ ಹಾಕುತ್ತಾ ಹೋದರೆ ಇನ್ನೂ ಬರೆಯುತ್ತಿರುವ ಪುಸ್ತಕವನ್ನೇ ದಾಟಿಬಿಡುತ್ತಾರಲ್ಲ, ಅದಕ್ಕೆ ಎಳೆದರಂತೆ. ಎಳೆಯಲಿ. ಹಾಗೆ ಎಳೆಯುವಾಗ ಪುಸ್ತಕದಲ್ಲಿ ಇಲ್ಲದ ಒಂದು ಕಂತು ಹುಟ್ಟಿತು, ಇಡೀ ಸರಣಿಯಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಚಿಚಿ ಗಂಡನನ್ನು ಡ್ರೈವಿಂಗ್ ಕಲಿಯಲು ಅಟ್ಟುತ್ತಾಳೆ. ಜೊತೆಗೆ ಹಸಿರು ಮೈಯ ಪಿಕೊಲೋ, ಅವನು ಟೋಪಿ ಜಾಕೆಟ್ ಹಾಕಿಕೊಂಡು. ಇಬ್ಬರಿಗೂ ಆಕಾಶದಲ್ಲಿ ಹಾರಲು ಬರುತ್ತೆ, ಗೇರ್ ಹಾಕಲು ಬರೋದಿಲ್ಲ. ಕೊನೆಗೆ ಇಬ್ಬರಿಗೂ ಲೈಸೆನ್ಸ್ ಇಲ್ಲ.

ನನಗೂ ಮೊದಲ ಸಲ ಸಿಗಲಿಲ್ಲ. ನಲವತ್ತಮೂರನೇ ವಯಸ್ಸಿನಲ್ಲಿ ಎಲ್‌ಎಲ್‌ಆರ್ ಮಾಡಿಸಿ, ಬೀದಿ ಕೊನೆಯ ಖಾಲಿ ಸೈಟಿನಲ್ಲಿ ಒಂದು ತಿಂಗಳು ಸ್ಕೂಟರಿನಲ್ಲಿ ಎಂಟು ಹಾಕಿ ಅಭ್ಯಾಸ ಮಾಡಿದ್ದೆ. ಟೆಸ್ಟಿನ ದಿನ ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದಾಗ ಹನ್ನೆರಡು. ಮೈದಾನದಲ್ಲಿ ಬಿಳಿ ಪುಡಿಯಲ್ಲಿ ಬರೆದ ಎಂಟು, ಅದರ ಕೆಳಗಿನ ಸೊನ್ನೆಯ ಸರಿಯಾಗಿ ನಡುವೆ ಒಂದು ಕಂದು ನಾಯಿ ಮಲಗಿತ್ತು. ನನಗಿಂತ ಮುಂಚೆ ಹನ್ನೊಂದು ಜನ ಅದರ ಸುತ್ತ ಸುತ್ತಿದರು. ಕಿವಿ ಸಹ ಅಲ್ಲಾಡಿಸಲಿಲ್ಲ. ಹಾರ್ನ್ ಹೊಡೆದವನೂ ಇದ್ದ, ಊಹೂಂ. ನಾನು ಮೇಲಿನ ಸೊನ್ನೆ ಮುಗಿಸಿ ಕೆಳಗೆ ಇಳಿದೆ ನೋಡಿ, ಎದ್ದು ನಿಂತಿತು. ಮೈ ಮುರಿಯಿತು. ಆಮೇಲೆ ನನ್ನ ಮುಂದಿನ ಚಕ್ರದ ಪಕ್ಕದಲ್ಲೇ, ನಾನು ತಿರುಗಿದ ಕಡೆಗೆ ತಾನೂ ತಿರುಗುತ್ತಾ, ಯಾರೋ ನೆಂಟರನ್ನು ಬಸ್ ಸ್ಟಾಪಿಗೆ ಬಿಡಲು ಬಂದ ಹಾಗೆ ನಡೆಯಿತು. ಕಾಲು ಕೆಳಗಿಟ್ಟೆ. "ಕಾಲಿಟ್ರಿ ಮೇಡಂ, ಮುಂದಿನ ವಾರ ಬನ್ನಿ" ಅಂದರು. "ಸಾರ್, ನಾಯಿ" ಅಂದೆ. "ರೋಡಲ್ಲೂ ಇರುತ್ತೆ" ಅಂದರು. ಆ ಉತ್ತರದಲ್ಲಿ ತಪ್ಪೇನೂ ಇಲ್ಲ, ಅದಕ್ಕೇ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಮನೆಯಲ್ಲಿ ಒಂದು ವಾರ ಅಪ್ಪ ಮಗ ಇಬ್ಬರೂ ಭೌ ಅಂದದ್ದೇ ಅಂದದ್ದು. ಮುಂದಿನ ವಾರ ನಾಯಿ ಇರಲಿಲ್ಲ, ಪಾಸಾದೆ. ವಾಪಸ್ ಬರುವಾಗ ಗೇಟಿನ ಹತ್ತಿರ ಸುಮ್ನೆ ಒಂದು ಸಲ ಹುಡುಕಿದೆ.

ಎಲ್ಲಿದ್ದೆ? ಹಾಂ, ಚಿಚಿ.

ಗೋಹಾನ್‌ಗೆ ನಾಲ್ಕು ವರ್ಷವಿದ್ದಾಗ ಅಪ್ಪ ಸತ್ತ. ಅಪ್ಪನ ಕಡುವೈರಿ ಪಿಕೊಲೋ ಮಗುವನ್ನು ಎತ್ತಿಕೊಂಡು ಹೋಗಿ ಕಾಡಿನಲ್ಲಿ ಒಂಟಿಯಾಗಿ ಬಿಟ್ಟ, ಆಮೇಲೆ ಹೊಡೆದಾಟ ಕಲಿಸಿದ. ತಾಯಿಯನ್ನು ಒಂದು ಮಾತು ಕೇಳಿದವರಿಲ್ಲ. ಆದರೂ ನಾಪಾ ಬಿಟ್ಟ ಏಟಿಗೆ ಅಡ್ಡ ನಿಂತು, ಆ ಮಗುವಿಗಾಗಿ ಜೀವ ಕೊಟ್ಟ ಪಿಕೊಲೋನನ್ನು ನಾನು ಕ್ಷಮಿಸಿದ್ದೇನೆ. ಗೋಕು ಹೇಗೋ ಬದುಕಿ ಬಂದ, ಆಮೇಲೆ ಪಿಕೊಲೋನೂ. ಗೋಕು ಬಂದು ಏನು ಮಾಡಿದ? ಸೆಲ್ ಎನ್ನುವ ರಾಕ್ಷಸನ ಎದುರು ತಾನು ಸೋತೆ ಎಂದು ಒಪ್ಪಿಕೊಂಡು, ಇನ್ನೂ ಹುಡುಗನಾಗಿದ್ದ ಮಗನನ್ನು ಮುಂದೆ ತಳ್ಳಿದ. ಅದೂ ಹೋಗಲಿ. ಸೆಂಜು ಅಂತ ಒಂದು ಕಾಳು ಇದೆ. ಒಂದು ತಿಂದರೆ ಹತ್ತು ದಿನ ಹಸಿವಿಲ್ಲ, ಸಾಯುತ್ತಿರುವವನೂ ಎದ್ದು ಕೂರುತ್ತಾನೆ. ಆ ಕಾಳನ್ನು ಈ ಪುಣ್ಯಾತ್ಮ ಎಸೆದದ್ದು ಸೆಲ್‌ಗೆ!

ನನ್ನ ಕೈಯಲ್ಲಿದ್ದ ಅವರೆಕಾಳು ಪುಳಕ್ಕನೆ ಹಾರಿ ಸೋಫಾ ಕೆಳಗೆ ಹೋಯಿತು. "ಮನೆ ಕಾಳು ತೆಗೆದು ವೈರಿಗೆ ಕೊಡ್ತಾನಲ್ಲೋ!" ಅಂದೆ. "ಸೆಲ್ ಸುಸ್ತಾಗಿದ್ದ ಅಮ್ಮ. ಫೇರ್ ಫೈಟ್ ಬೇಡ್ವಾ?" ಅಂದ ಮಗ. ಪರೀಕ್ಷೆಯ ದಿನ ಪಕ್ಕದವನಿಗೆ ಪೆನ್ನು ಕೊಟ್ಟು ತಾನು ಪೆನ್ಸಿಲಿನಲ್ಲಿ ಬರೆದು ಬಂದವನು ಇವನೇ ಎಂದು ನೆನಪಾಯಿತು. ಕೊನೆಗೆ ಗೋಕುವಿಗೆ ಬೈಯಲು ಸಹ ಪಿಕೊಲೋನೇ ಬೇಕಾಯಿತು. ಅಪ್ಪ ಯಾಕೆ ಬಂದು ಬಿಡಿಸಿಕೊಳ್ಳುತ್ತಿಲ್ಲ ಎಂದು ನಿನ್ನ ಮಗ ಯೋಚಿಸುತ್ತಿದ್ದಾನೆ ಎಂದು ಕೂಗಿದ. ಎದ್ದು ಹೋಗಿ ಅವನಿಗೆ ಒಂದು ಲೋಟ ಕಾಫಿ ಕೊಡಬೇಕು ಅನ್ನಿಸಿತು.

ಗೋಕು ಮತ್ತೆ ಸತ್ತ. ಬದುಕಿಸುತ್ತೇವೆ ಅಂದರೂ ಬೇಡ ಅಂದ, ತಾನು ಇಲ್ಲದಿದ್ದರೇ ಭೂಮಿಗೆ ಕ್ಷೇಮವಂತೆ. ಏಳು ವರ್ಷ. ಅಷ್ಟರಲ್ಲಿ ಎರಡನೇ ಮಗ ಗೋಟೆನ್ ಹುಟ್ಟಿದ, ಅವನಿಗೆ ಹೊಡೆದಾಟ ಕಲಿಸಿದವಳು ಯಾರು ಗೊತ್ತಾ? ನಿಮ್ಮ ಈ ಚಿಚಿ. ದೊಡ್ಡವನನ್ನು ಓದಿಸಿದವಳೂ ಅವಳೇ, ಮುಂದೆ ಅವನು ವಿದ್ವಾಂಸನಾಗುತ್ತಾನೆ.

ಇದನ್ನು ಹೇಳಿ ಮುಗಿಸಿದಾಗ ಮಗ ಸೋಫಾ ಕೆಳಗೆ ತಲೆ ಹಾಕಿ ಕಾಳು ಹುಡುಕುತ್ತಿದ್ದ. ಹೋಂವರ್ಕ್ ಪುಸ್ತಕವೂ ಅಲ್ಲೇ ಇತ್ತು.