ಅಕೇಶಿಯಾ ಕಡಿದ ಗುಡ್ಡದಲ್ಲಿ ಕಾಡುಗಿಡ ನೆಡ್ಬೇಕಾ, ಹಾಗೇ ಬಿಡ್ಬೇಕಾ?

ಪರ: ನೆಡ್ಲೇಬೇಕು

ನಮ್ಮ ಸೊಪ್ಪಿನ ಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರೋ ಕಾಡಿನ) ಪಕ್ಕ ಇದ್ದ, ಹೊರದೇಶದ ಮರ ಅಕೇಶಿಯಾದ ಪ್ಲಾಂಟೇಶನ್ ಹೋದ ಬೇಸಿಗೇಲಿ ಕಡಿದ್ರು. ಬಿಟ್ರೆ ಕಾಡು ತಾನಾಗೇ ಬರುತ್ತೆ ಅಂತ ಎಲ್ರೂ ಹೇಳ್ತಾರೆ, ಆದ್ರೆ ಒಂದು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದ್ರೆ ಬಂದಿರೋದು ಮತ್ತೆ ಅಕೇಶಿಯಾನೇ, ಭತ್ತದ ಅಗೆ ಹಾಕಿದಂಗೆ ಒತ್ತೊತ್ತಾಗಿ ಎದ್ದಿದೆ, ಸಂದಿಗೊಂದೀಲಿ ಯುಪಟೋರಿಯಂ ಕಳೆ. ಇದನ್ನ ಕಾಡು ಅನ್ನೋಕಾಗುತ್ತಾ?

ಮಳೆಕಾಡು ಅಂದ್ರೆ ಏನು ಅಂತ ಸ್ವಲ್ಪ ನೋಡಿ. ಪನಾಮಾದ ಬಾರೋ ಕೊಲರಾಡೋ ದ್ವೀಪದಲ್ಲಿ 50 ಹೆಕ್ಟೇರಲ್ಲಿ ಸುಮಾರು 300 ಜಾತಿ ಮರ ಇದೆ, ಬೋರ್ನಿಯೋದ ಲಂಬೀರಲ್ಲಿ ಹೆಚ್ಚುಕಮ್ಮಿ ಅಷ್ಟೇ ಜಾಗದಲ್ಲಿ ಸಾವಿರ ದಾಟುತ್ತೆ. ನಮ್ಮ ಘಟ್ಟದಲ್ಲಿ ಅಷ್ಟಿಲ್ಲ, ಒಪ್ಕೋತೀನಿ, ಆದ್ರೆ ನಮ್ಮ ನಿತ್ಯಹರಿದ್ವರ್ಣ ಕಾಡಿನ ಮರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜಾತಿ ಪ್ರಪಂಚದಲ್ಲಿ ಬೇರೆಲ್ಲೂ ಸಿಗಲ್ಲ. ಒಂದ್ಸಲ ಇಲ್ಲಿಂದ ಹೋದ್ರೆ ಹೋಯ್ತು.

ಈಗ ನಮ್ಮ ಕಾಡಿನ ಧೂಪದ ಮರದ ಬೀಜ ತಗೊಳ್ಳಿ. ಮಳೆ ಹಿಡಿಯೋ ಹೊತ್ತಿಗೆ ಮರದ ಬುಡದಲ್ಲಿ ಕಾಯಿ ಮೂರು ಹೋಳಾಗಿ ಬಾಯ್ಬಿಟ್ಕೊಂಡು ಬಿದ್ದಿರುತ್ತೆ, ಒಳಗಿನ ದಪ್ಪ ಬೀಜ ಆಗ್ಲೇ ಬೇರು ಚಾಚಿರುತ್ತೆ. ಅದಕ್ಕೆ ರೆಕ್ಕೆ ಇಲ್ಲ, ಗಾಳಿಗೆ ಹಾರಲ್ಲ, ತಂದು ಒಣಗಿಸಿಟ್ರೆ ಸತ್ತೇ ಹೋಗುತ್ತೆ. ಅಂಥಾದ್ದು ಎರಡು ಮೈಲಿ ಆಚೆಯ ಬೋಳುಗುಡ್ಡಕ್ಕೆ ಹೇಗೆ ಬರ್ಬೇಕು? ರಾಮಪತ್ರೆ ಮರದ ಬೀಜಾನ ಅದರ ಕೆಂಪು ಪತ್ರೆ ಆಸೆಗೆ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ನುಂಗಿ ಎಲ್ಲೋ ಉಗುಳುತ್ತೆ ಸರಿ, ಆದ್ರೆ ಕೂರೋಕೆ ಒಂದು ಕೊಂಬೆ ಇಲ್ಲದ ಗುಡ್ಡಕ್ಕೆ ಮಂಗಟ್ಟೆ ಯಾಕೆ ಬರುತ್ತೆ? ಇಂಥ ಬೀಜ ನಾವೇ ಆರಿಸಿ, ಆವತ್ತೇ ಕೊಟ್ಟೆಗೆ (ಮಣ್ಣು ತುಂಬಿದ ನರ್ಸರಿ ಚೀಲಕ್ಕೆ) ಹಾಕಿ, ಎರಡು ವರ್ಷ ನೆರಳಲ್ಲಿ ಸಾಕಿ ನೆಡ್ಬೇಕು, ಬೇರೆ ದಾರಿ ಇಲ್ಲ.

ಆಗಲ್ಲ ಅನ್ನೋರು ತಮಿಳುನಾಡಿನ ವಾಲ್ಪಾರೈ ನೋಡ್ಲಿ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನೋರು ಅಲ್ಲಿ ಟೀ ಎಸ್ಟೇಟ್ ಮಧ್ಯೆ ಉಳಿದ ಹಾಳು ಕಾಡುತುಂಡುಗಳಲ್ಲಿ ಹತ್ತಾರು ಜಾತಿ ನೆಟ್ರು. ಆಮೇಲೆ ಅಳೆದು ನೋಡಿದ್ರೆ, ಸುಮ್ನೆ ಬಿಟ್ಟ ಜಾಗಕ್ಕಿಂತ ನೆಟ್ಟ ಜಾಗದಲ್ಲಿ ಮರದ ಜಾತೀನೂ ಜಾಸ್ತಿ, ಮರದಲ್ಲಿ ಸೇರಿದ ಕಾರ್ಬನ್ನೂ ಜಾಸ್ತಿ.

ವಿರೋಧ: ಹಾಗೇ ಬಿಡಿ

ಇದು ನಮ್ಮ ಅಪ್ಪಚ್ಚಿ (ಚಿಕ್ಕಪ್ಪ) ವಾದ, ಅವರು ಟೈಪ್ ಮಾಡಲ್ಲ ಹಾಗಾಗಿ ನಾನೇ ಬರೀತಿದೀನಿ, ಬರೀತಾ ಬರೀತಾ ನಂಗೇ ಸ್ವಲ್ಪ ಅನುಮಾನ ಶುರುವಾಗಿದೆ.

ನೆಡೋರು ಏನು ನೆಡ್ತಾರೆ ಹೇಳಿ. ನರ್ಸರೀಲಿ ಸುಲಭಕ್ಕೆ ಹುಟ್ಟೋ ಹೊನ್ನೆ, ನೇರಳೆ, ಹಲಸು, ಹೊಂಗೆ ಇಷ್ಟೇ. ಅದೂ ರೋಡ್ ಸೈಡಿನ ಎರಡು ಮರದ ಬೀಜ. ಜೆಸಿಬೀಲಿ ಸಾಲಾಗಿ ಗುಂಡಿ ಹೊಡೆದು ವನಮಹೋತ್ಸವದ ದಿನ ಫೋಟೋ ತೆಗೆಸಿ ಹೋಗ್ತಾರೆ, ಮುಂದಿನ ಏಪ್ರಿಲ್‌ಗೆ ಬರೀ ಕೊಟ್ಟೆ ಪ್ಲಾಸ್ಟಿಕ್ ಉಳಿದಿರುತ್ತೆ. ಇದು ಕಾಡಲ್ಲ, ಅಕೇಶಿಯಾ ಬದ್ಲು ಇನ್ನೊಂದು ಪ್ಲಾಂಟೇಶನ್.

ಕಾಡಲ್ಲಿ ಒಂದೇ ಜಾತಿ ಯಾಕೆ ಗುಂಪು ಕಟ್ಟಲ್ಲ ಅನ್ನೋದಕ್ಕೆ ಪರಿಸರ ವಿಜ್ಞಾನಿಗಳಾದ ಜಾನ್ಜೆನ್ 1970ರಲ್ಲಿ, ಕಾನೆಲ್ 1971ರಲ್ಲಿ ಒಂದು ಕಾರಣ ಹೇಳಿದ್ರು: ತಾಯಿಮರದ ಕೆಳಗೆ ಆ ಜಾತಿಗೇ ಬೀಳೋ ಹುಳ, ಬೂಷ್ಟು ಕಾದಿರುತ್ತೆ, ಅಲ್ಲಿ ಬಿದ್ದ ಮರಿ ಬಹುಪಾಲು ಸಾಯುತ್ತೆ, ದೂರ ಹೋದದ್ದು ಬದುಕುತ್ತೆ. ಅಡಿಕೆ ತೋಟದೋರಿಗೆ ಇದು ಬಿಡಿಸಿ ಹೇಳ್ಬೇಕಾ, ಒಂದೇ ಬೆಳೆ ಒತ್ತೊತ್ತಾಗಿ ಇಟ್ರೆ ಕೊಳೆರೋಗ ಹೇಗೆ ಹಬ್ಬುತ್ತೆ ಅಂತ ಪ್ರತಿ ಮಳೆಗಾಲ ನೋಡ್ತೀವಲ್ಲ. ನರ್ಸರಿ ಗಿಡ ಸಾಲಾಗಿ ನೆಟ್ಟವರಿಗೂ ಅದೇ ಕಾದಿದೆ.

ಇನ್ನು ಎಲ್ಲಾ ಕಡೆ ನೂರು ಜಾತಿ ಇರ್ಲೇಬೇಕು ಅನ್ನೋದೂ ಒಂದು ಹುಚ್ಚು. ಕುದುರೆಮುಖದ ಕಡೆ ಕೆಲವು ಕಾಡಲ್ಲಿ ಬಲಗಿ ಮರಾನೇ ತುಂಬಿರುತ್ತೆ, ಕಾಂಗೋದಲ್ಲಿ ಒಂದೇ ಜಾತಿಯ ಮರದ್ದೇ ದೊಡ್ಡ ದೊಡ್ಡ ಮಳೆಕಾಡಿದೆ, ಯಾರೂ ನೆಟ್ಟಿದ್ದಲ್ಲ.

ಅಪ್ಪಚ್ಚಿ ನನ್ನ ಕೈ ಹಿಡಿದು ತೋರಿಸಿದ್ದು ಬೇರೇನೇ. ನಮ್ಮ ಬೆಟ್ಟದ ಅಂಚಲ್ಲಿ ಕಡೀದೆ ಬಿಟ್ಟ ಒಂದಷ್ಟು ಹಳೇ ಅಕೇಶಿಯಾ ಇದೆ. ಮೊಣಕಾಲು ಮಟ್ಟದ ದರಕು (ಒಣಗಿದ ಎಲೆ) ಕಾಲಲ್ಲಿ ಸರಿಸಿದ್ರೆ ಕೆಳಗೆ ಉಪ್ಪಾಗೆ, ಮುರುಗಲು, ಹೈಗ ಇಂಥ ಕಾಡುಮರಗಳ ಸಸಿ, ಎರಡೆಲೆ ನಾಲ್ಕೆಲೆ, ಒಂದು ಕಡೆ ರಾಮಪತ್ರೇನೂ ಸಿಕ್ತು. ಹಕ್ಕಿಯೋ ಮಂಗವೋ ಅಕೇಶಿಯಾ ಕೊಂಬೆ ಮೇಲೇ ಕೂತು ಹಾಕಿದ್ದು, ಹೈಗದ ರೆಕ್ಕೆಬೀಜ ಮಾತ್ರ ಗಾಳಿಗೆ ಬಂದದ್ದು. ಅಂದ್ರೆ ಒಂದೇ ಸಲ ಬೋಳು ಹೊಡೆದದ್ದೇ ತಪ್ಪು, ನಿಧಾನಕ್ಕೆ ಅಲ್ಲಲ್ಲಿ ಕಡೀಬೇಕಿತ್ತು ಅಂತಾರೆ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ವಾಲ್ಪಾರೈ ವಿಷಯ ತೆಗೆದ್ರೆ ಅಲ್ಲೂ ಹಿಡ್ಕೋತಾರೆ. ದೊಡ್ಡ ಕಾಡಿಂದ ದೂರ ಇದ್ದ ತುಂಡುಗಳಲ್ಲೇ ನೆಟ್ಟಿದ್ದರ ಲಾಭ ಜಾಸ್ತಿ ಕಂಡಿದ್ದು, ಹತ್ರ ಇದ್ದ ಕಡೆ ವ್ಯತ್ಯಾಸ ಅಷ್ಟಿಲ್ಲ. ನಮ್ಮ ಗುಡ್ಡದ ಬೆನ್ನಿಗೇ ಕಾನು, ಅಂದ್ರೆ ಹಳೇ ದಟ್ಟ ಕಾಡಿದೆ. ಗಿಡಕ್ಕೆ ಹಾಕೋ ದುಡ್ಡು ಬೇಲಿಗೆ ಹಾಕು, ಬೇಸಿಗೇಲಿ ಬೆಂಕಿ ಬೀಳದ ಹಾಗೆ ನೋಡ್ಕೋ, ಅಕೇಶಿಯಾ ಸಸಿ ಮೂರ್ನಾಲ್ಕು ಮಳೆಗಾಲ ಕಿತ್ತು ಎಸೀತಾ ಇರು ಅಂತಾರೆ ಅಪ್ಪಚ್ಚಿ. ಧೂಪ ಮಾತ್ರ ಹಕ್ಕಿ ತರಲ್ಲ ಅಂತ ಅವ್ರೂ ಒಪ್ತಾರೆ, ಅದಕ್ಕೆ ಜೂನ್‌ಗೆ ನಲವತ್ತು ಕೊಟ್ಟೆಗೆ ಮಣ್ಣು ತುಂಬಿಡು ಅಂದಿದಾರೆ.