ಒಳಗೆ ಬಂದ ಮೇಲೆ ಎಲ್ಲರೂ ಮೆರಿಟ್‌ನವರೇ ಅಲ್ವಾ?

"ಟೀಚರ್, ಇಪ್ಪತ್ತೈದು ಪರ್ಸೆಂಟ್ ಅಂದ್ರೆ ನಾವು ಕಟ್ಟುವುದಾ, ಅವರು ಬಿಡುವುದಾ?"

ನಿನ್ನೆ ಸಂಜೆ ನಮ್ಮ ಜಗಲಿಯಲ್ಲಿ ಕೂತು ಒಬ್ಬ ಅಪ್ಪ ಕೇಳಿದ ಪ್ರಶ್ನೆ ಇದು. ಕೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಮಗಳು ನನ್ನ ವಿದ್ಯಾರ್ಥಿನಿ, ಈ ವರ್ಷ ಪಿಯುಸಿ ಮುಗಿಸಿದವಳು. ಹೊರರಾಜ್ಯದ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಜೊತೆಗೆ ಮೆರಿಟ್ ಸ್ಕಾಲರ್‌ಶಿಪ್. ಹೆಸರು ಬೇಡ. ಮೊಬೈಲಿಗೆ ಬಂದ ಪತ್ರವನ್ನು ಸೈಬರ್‌ನಲ್ಲಿ ಪ್ರಿಂಟ್ ತೆಗೆಸಿ, ಮಳೆಗೆ ಒದ್ದೆಯಾಗಬಾರದು ಅಂತ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸುತ್ತು ಸುತ್ತಿ ತಂದಿದ್ದರು. ಬಿಚ್ಚುವಾಗ ಅವರ ಕೈ ನೋಡಿದೆ. ಬಲೆಯ ನೈಲಾನ್ ನೂಲು ಎಳೆದೆಳೆದು ತೋರುಬೆರಳಿನ ಮಡಿಕೆಯಲ್ಲಿ ಆಳವಾದ ಗೀರು.

"ಅವರು ಬಿಡುವುದು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಉಳಿದದ್ದೆಲ್ಲ ನಮ್ಮದಾ?" ಅಂದರು. ಮಗಳು ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು. ಅಪ್ಪನಿಗೆ ಹೇಳಲು ಬಾಯಿ ಬಂದಿರಲಿಲ್ಲ.

ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದು ತೋರಿಸಿದೆ. ವರ್ಷದ ಬೋಧನಾ ಶುಲ್ಕ 4 ಲಕ್ಷದ 60 ಸಾವಿರ. ಅದರಲ್ಲಿ 25 ಪರ್ಸೆಂಟ್ ಅಂದರೆ 1 ಲಕ್ಷದ 15 ಸಾವಿರ ಬಿಡುತ್ತಾರೆ. ಹಾಸ್ಟೆಲ್, ಮೆಸ್ ಸೇರಿ 1 ಲಕ್ಷದ 60 ಸಾವಿರ, ಅದಕ್ಕೆ ರಿಯಾಯಿತಿ ಇಲ್ಲ. ಇವರು ಕಟ್ಟಬೇಕಾದದ್ದು ವರ್ಷಕ್ಕೆ 5 ಲಕ್ಷದ 5 ಸಾವಿರ. ಅಂದರೆ ಒಟ್ಟು ಖರ್ಚಿನಲ್ಲಿ ನಿಜವಾಗಿ ಕಡಿಮೆಯಾದದ್ದು ನೂರಕ್ಕೆ ಹತ್ತೊಂಬತ್ತೂ ಇಲ್ಲ. ನಾಲ್ಕು ವರ್ಷಕ್ಕೆ 20 ಲಕ್ಷ ದಾಟುತ್ತದೆ.

"ಪಿಗ್ಮಿಯಲ್ಲಿ 62 ಸಾವಿರ ಇದೆ ಟೀಚರ್" ಅಂದರು ಅವರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಈ ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಕೊಡುವವನ ಮನೆಬಾಗಿಲಿಗೂ ಹೋಗಿ ದುಡ್ಡು ಕಟ್ಟಿಸಿಕೊಂಡರು. ಸಣ್ಣ ಜೇಬಿನವನನ್ನೂ ಲೆಕ್ಕಕ್ಕೆ ತೆಗೆದುಕೊಂಡ ಊರು ಇದು. ಆ ಊರಿನ ಮಗುವಿಗೆ ಬಂದ ಪತ್ರದಲ್ಲಿ ಅವಳ ಅಪ್ಪನ ಜೇಬಿನ ವಿಚಾರವೇ ಇಲ್ಲ. ಅವಳು ತುಂಬಿದ ಸ್ಕಾಲರ್‌ಶಿಪ್ ಅರ್ಜಿಯನ್ನೂ ಓದಿದೆ. ನಾಲ್ಕು ಪುಟ. ಪ್ರವೇಶ ಪರೀಕ್ಷೆಯ ರ‍್ಯಾಂಕ್ ಕೇಳಿದ್ದಾರೆ, ಅಂಕ ಕೇಳಿದ್ದಾರೆ, ಒಲಿಂಪಿಯಾಡ್ ಬರೆದಿದ್ದೀಯಾ ಅಂತ ಕೇಳಿದ್ದಾರೆ. ಮನೆಯ ಆದಾಯ ಎಷ್ಟು ಅಂತ ಒಂದು ಸಾಲು ಇಲ್ಲ.

ನನ್ನ ಸಿಟ್ಟು ಇರುವುದು ಇಲ್ಲಿ. ಸಾವಿರಾರು ಮಕ್ಕಳು ಬರೆದ ಪರೀಕ್ಷೆಯಲ್ಲಿ ಆರಿಸಿಯೇ ತಾನೇ ಒಳಗೆ ಕರೆದಿರುವುದು? ಒಳಗೆ ಬಂದವರೆಲ್ಲ ಮೆರಿಟ್‌ನವರೇ ಅಲ್ವಾ? ಮತ್ತೆ ಅವರೊಳಗೇ ಇನ್ನೊಂದು ಸಾಲು ಮಾಡಿ, ಮೊದಲ ಇಷ್ಟು ಜನಕ್ಕೆ ಪೂರ್ತಿ ಮಾಫಿ, ಆಮೇಲಿನವರಿಗೆ ಅರ್ಧ, ನಂತರದವರಿಗೆ ಕಾಲು ಅಂತ ಹಂಚುವುದು ಯಾಕೆ? ಮೊದಲ ಸಾಲಿನ ಮಗುವಿಗೆ ಐಐಟಿಯಲ್ಲೋ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಸೀಟು ಸಿಗುತ್ತದೆ, ಅದು ಅಲ್ಲಿಗೇ ಹೋಗುತ್ತದೆ. ದುಡ್ಡಿಲ್ಲದ ಮಗು ಮೂರನೇ ಸಾಲಿನಲ್ಲಿ ನಿಂತಿದೆ. ಅದರ ಕೈಗೆ ಕಾಲು ಭಾಗ ಕೊಟ್ಟು ಬೆನ್ನು ತಟ್ಟುತ್ತಾರೆ.

ಮೊದಲ ಸಾಲು ಹೇಗೆ ತಯಾರಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. 19 ವರ್ಷದಿಂದ ಪಿಯು ಮಕ್ಕಳಿಗೆ ಗಣಿತ ಹೇಳುತ್ತಿದ್ದೇನೆ. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ 93.90 ಪರ್ಸೆಂಟ್ ಬಂದು ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ 93.57 ಬಂದು ಎರಡನೆಯದು. ಬೋರ್ಡ್ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಯಾರಿಗೂ ಕಡಿಮೆ ಇಲ್ಲ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕಿಗೆ ಆ ಅಂಕಗಳಲ್ಲಿ ಅರ್ಧ ಸೇರುತ್ತದೆ, ಹಾಗಾಗಿ ಅಲ್ಲಿ ಈ ಹುಡುಗಿಯಂಥವರು ಉಳಿದುಕೊಳ್ಳುತ್ತಾರೆ. ಆ ವಿಶ್ವವಿದ್ಯಾಲಯದವರು ಅರ್ಜಿಯಲ್ಲಿ ಅಂಕ, ಒಲಿಂಪಿಯಾಡ್ ಕೇಳಿದರೂ ಮಾಫಿ ಹಂಚಲು ನೋಡುವುದು ತಮ್ಮದೇ ಪರೀಕ್ಷೆಯ ರ‍್ಯಾಂಕ್ ಮಾತ್ರ. ಅದು ಕಂಪ್ಯೂಟರ್ ಮುಂದೆ ಕೂತು ಗಡಿಯಾರ ನೋಡಿಕೊಂಡು ಬರೆಯುವಂಥದ್ದು, ಎರಡು ವರ್ಷ ಕೋಚಿಂಗ್‌ನಲ್ಲಿ ವಾರವಾರ ಬರೆದು ಪಳಗಿದವರಿಗೆ ಸುಲಭ. ಮಂಗಳೂರಿನಲ್ಲಿ ಅಂಥ ಕೋಚಿಂಗಿಗೆ ಲಕ್ಷಗಟ್ಟಲೆ ಕಟ್ಟಿದ ಮನೆಯ ಮಗುವಿಗೆ ಪೂರ್ತಿ ಮಾಫಿ ಸಿಗುತ್ತದೆ. ಈ ಹುಡುಗಿ ಬಳಸಿದ್ದು ಸೀನಿಯರ್ ಒಬ್ಬಳು ಕೊಟ್ಟ ಹಳೇ ಪುಸ್ತಕ. ಉತ್ತರಗಳಿಗೆ ಅವಳು ಮೊದಲೇ ಪೆನ್ಸಿಲ್ ಗುರುತು ಹಾಕಿದ್ದಳು. ಅದನ್ನೆಲ್ಲ ರಬ್ಬರಿನಲ್ಲಿ ಅಳಿಸಿ ಇವಳು ಮತ್ತೆ ಬಿಡಿಸಿದ್ದಾಳೆ. ಆ ಪುಸ್ತಕ ನಾನು ನೋಡಿದ್ದೇನೆ. ಪುಟಗಳು ಉಜ್ಜಿ ಉಜ್ಜಿ ತೆಳ್ಳಗಾಗಿವೆ.

ಸ್ಟಾಫ್‌ರೂಮಿನಲ್ಲಿ ಹೇಳಿದರೆ ಸಹೋದ್ಯೋಗಿಯೊಬ್ಬರು, "ಹಾಗಾದ್ರೆ ಕಷ್ಟಪಟ್ಟು ಓದಿದವನಿಗೆ ಬೆಲೆಯೇ ಬೇಡವಾ ಮೇಡಂ?" ಅಂದರು. ಬೇಕು. ಖಂಡಿತ ಬೇಕು. ಶ್ರೀಮಂತರ ಮಕ್ಕಳೂ ನಿದ್ದೆಗೆಟ್ಟೇ ಓದುತ್ತಾರೆ, ನನ್ನ ಕ್ಲಾಸಿನಲ್ಲೂ ಇದ್ದಾರೆ. ಅವರಿಗೆ ಪದಕ ಕೊಡಿ, ವೇದಿಕೆಗೆ ಕರೆದು ಸನ್ಮಾನ ಮಾಡಿ, ಗೋಡೆಯ ಮೇಲೆ ಹೆಸರು ಬರೆಯಿರಿ. ನಾನೂ ಚಪ್ಪಾಳೆ ಹೊಡೆಯುತ್ತೇನೆ. ಆದರೆ ಫೀಸು ಬೇರೆ ವಿಷಯ. ಫೀಸು ಬಿಡದಿದ್ದರೆ ಅವನ ಓದು ನಿಲ್ಲುವುದಿಲ್ಲ, ಇವಳ ಓದು ನಿಲ್ಲುತ್ತದೆ.

"ಅವರ ದುಡ್ಡು, ಅವರಿಷ್ಟ" ಅನ್ನುವವರೂ ಇದ್ದಾರೆ. ಖಾಸಗಿಯವರಿಗೆ ಆ ಸ್ವಾತಂತ್ರ್ಯ ಸಿಕ್ಕಿದ ತೀರ್ಪಿನಲ್ಲೂ ನಮ್ಮೂರಿನ ಹೆಸರೇ ಇದೆ. 2002ರ ಅಕ್ಟೋಬರ್ 31ರಂದು ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ, ಅನುದಾನವಿಲ್ಲದ ಖಾಸಗಿ ಕಾಲೇಜುಗಳು ಫೀಸನ್ನು ತಾವೇ ನಿಗದಿ ಮಾಡಬಹುದು ಅಂತ ಹೇಳಿತು. ಅದೇ ತೀರ್ಪು ಕ್ಯಾಪಿಟೇಷನ್, ಅಂದರೆ ಸೀಟಿಗೆ ಡೊನೇಷನ್ ಬೇಡ, ಶಿಕ್ಷಣದಲ್ಲಿ ಲಾಭಕೋರತನ ಬೇಡ ಅಂತಲೂ ಹೇಳಿದೆ. ಅದನ್ನು ಯಾಕೆ ಯಾರೂ ನೆನಪಿಸಿಕೊಳ್ಳುವುದಿಲ್ಲ? ಮಾಫಿ ಮಾಡುವ ದುಡ್ಡಾದರೂ ಎಲ್ಲಿಂದ ಬರುತ್ತದೆ? ಅದರಲ್ಲಿ ಪೂರ್ತಿ ಫೀಸು ಕಟ್ಟುವ ಉಳಿದ ಮಕ್ಕಳ ಅಪ್ಪ ಅಮ್ಮಂದಿರ ಬೆವರೂ ಇದೆ.

ಬೇರೆ ದಾರಿ ಇಲ್ಲ ಅಂತಲೂ ಅಲ್ಲ. ಅಮೆರಿಕದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿ 8 ಐವಿ ಲೀಗ್ ವಿಶ್ವವಿದ್ಯಾಲಯಗಳು ಪದವಿ ಓದುವ ಮಕ್ಕಳಿಗೆ ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಕುಟುಂಬದ ಆದಾಯ ನೋಡಿಯೇ ಫೀಸು ಕಡಿಮೆ ಮಾಡುತ್ತದೆ. ಮನಸ್ಸಿದ್ದರೆ ಆಗುತ್ತದೆ.

ಇದನ್ನು ಬರೆಯುವಾಗ ಇನ್ನೊಂದು ಹೇಳಲೇಬೇಕು, ಇಷ್ಟು ವರ್ಷ ಹತ್ತಿರದವರ ಹತ್ತಿರವೂ ಸರಿಯಾಗಿ ಹೇಳಿಲ್ಲ. 2016ರಲ್ಲಿ ಒಬ್ಬ ಹುಡುಗನನ್ನು ನಾನೇ ಇಂಥದ್ದೇ ಒಂದು ಕಡೆ ಕಳಿಸಿದ್ದೆ. ಅವನಿಗೆ ಅರ್ಧ ಮಾಫಿ ಸಿಕ್ಕಿತ್ತು. "ಧೈರ್ಯವಾಗಿ ಹೋಗು, ನಾನಿದ್ದೇನೆ" ಅಂದಿದ್ದೆ. ಪತ್ರದ ಕೊನೆಯ ಪುಟ ನಾನು ಓದಿರಲಿಲ್ಲ. ಪ್ರತಿ ವರ್ಷ ಸಿಜಿಪಿಎ, ಅಂದರೆ ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, 8.5ಕ್ಕಿಂತ ಕೆಳಗೆ ಇಳಿದರೆ ಸ್ಕಾಲರ್‌ಶಿಪ್ ರದ್ದು ಅಂತ ಅಲ್ಲಿತ್ತು. ಎರಡನೇ ಸೆಮಿಸ್ಟರಿನಲ್ಲಿ ಅವನಿಗೆ ಕಾಮಾಲೆ ಆಯಿತು. ಬಂದದ್ದು 8.3. ಡಾಕ್ಟರ್ ಸರ್ಟಿಫಿಕೇಟ್ ಕಳಿಸಿದೆವು, ಯಾರೂ ಕೇಳಲಿಲ್ಲ. ಅವನ ಅಮ್ಮ ಬೀಡಿ ಕಟ್ಟಿ ಮಾಡಿಸಿಕೊಂಡಿದ್ದ ನಾಲ್ಕು ಬಳೆ ಸೊಸೈಟಿಯಲ್ಲಿ ಅಡವಿಗೆ ಹೋಯಿತು. ಅವನು ಓದು ಮುಗಿಸಿದ, ಈಗ ಕೆಲಸದಲ್ಲಿದ್ದಾನೆ, ಸಿಕ್ಕಿದಾಗ ಪ್ರೀತಿಯಿಂದಲೇ ಮಾತಾಡುತ್ತಾನೆ. ಅವನ ಅಮ್ಮ ಎದುರಾದರೆ ಮಾತ್ರ ನನ್ನ ಕಣ್ಣು ಅವರ ಕೈಗೇ ಹೋಗುತ್ತದೆ. ತಪ್ಪು ನನ್ನದೂ ಇದೆ. ಆ ಮೇಲೆ ಯಾವ ಮಗು ಪತ್ರ ತಂದರೂ ಕೊನೆಯ ಪುಟದಿಂದಲೇ ಓದಲು ಶುರು ಮಾಡುತ್ತೇನೆ. ನಿನ್ನೆಯ ಪತ್ರದಲ್ಲೂ ಅದೇ ಷರತ್ತು ಇತ್ತು.

ಲೋನ್ ತೆಗೆದುಕೊಳ್ಳಲಿ ಅಂತೀರಾ? ಪಿಎಂ ವಿದ್ಯಾಲಕ್ಷ್ಮಿ ಬಗ್ಗೆ ನಾನೇ ಹೇಳಿದೆ. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3 ಪರ್ಸೆಂಟ್ ಬಡ್ಡಿ ನೆರವೂ ಇದೆ. ಒಳ್ಳೆಯದೇ. ಆದರೂ ಸಾಲ ಸಾಲವೇ. ಅದೂ ಸೀಟು ಹಿಡಿದಿಡಲು ಮೊದಲ ಕಂತನ್ನು ಈ ತಿಂಗಳೇ ಕಟ್ಟಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ರಜೆ. ಬೋಟು ದಡದಲ್ಲಿದೆ, ಪಾಲು ಬರುವುದಿಲ್ಲ. ಅವರು ಬಲೆ ರಿಪೇರಿಗೆ ಹೋಗಿ ಆ ದಿನದ ಖರ್ಚು ನೋಡಿಕೊಳ್ಳುತ್ತಿದ್ದಾರೆ. ವರ್ಷದಲ್ಲಿ ಕೈ ಪೂರ್ತಿ ಖಾಲಿ ಇರುವ ಎರಡು ತಿಂಗಳಲ್ಲೇ ಎಲ್ಲ ಕಾಲೇಜಿನ ಕೊನೆ ದಿನಾಂಕ ಬರುತ್ತದೆ.

ಹೊರಡುವಾಗ ಅವರು ಪತ್ರವನ್ನು ಮತ್ತೆ ಅದೇ ಕವರಿನಲ್ಲಿ ಅದೇ ಎರಡು ಸುತ್ತು ಸುತ್ತಿದರು. "ಹುಡುಗಿ ತಪ್ಪು ಮಾಡಿಲ್ಲ ಅಲ್ವಾ ಟೀಚರ್?" ಅಂದರು. ಇಲ್ಲ ಅಂದೆ. ಜೋರಾಗಿಯೇ ಅಂದೆ, ಅವಳಿಗೂ ಕೇಳಲಿ ಅಂತ.

ನಾಳೆ ಮಧ್ಯಾಹ್ನ ಇಬ್ಬರೂ ಮತ್ತೆ ಬರುತ್ತಾರೆ. ಒಂದು ಕಡೆ ಸಿಇಟಿಯ ಆಪ್ಷನ್ ಪಟ್ಟಿ ಇಟ್ಟುಕೊಂಡು ಕೂರುತ್ತೇವೆ. ಇನ್ನೊಂದು ಕಡೆ ಆ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆಯುತ್ತೇವೆ, ಮಾಫಿ ಜಾಸ್ತಿ ಮಾಡಿ ಅಂತ. ನಾಡಕಚೇರಿಯ ಆದಾಯ ಪ್ರಮಾಣಪತ್ರ ತರಲು ಹೇಳಿದ್ದೇನೆ. ವಿಶ್ವವಿದ್ಯಾಲಯದವರು ಅದನ್ನು ಕೇಳಿಲ್ಲ. ಆದರೂ ಮೊದಲ ಪುಟಕ್ಕೇ ಅದನ್ನು ಪಿನ್ ಮಾಡಿ ಕಳಿಸುತ್ತೇನೆ.