ಐದು ಲಕ್ಷದ ಕಾರ್ಡೂ ಆರುನೂರರ ಫೀಸೂ

ನಮ್ಮ ಮನೆಯ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ದೇವರ ಪಟದ ಹಿಂದೆ, ರೇಷನ್ ಕಾರ್ಡಿನ ಮಗ್ಗುಲಲ್ಲಿ ವಿರಾಜಮಾನವಾಗಿದೆ. ತೇವ ತಾಗೀತೆಂದು ಅಮ್ಮ 20 ರೂಪಾಯಿ ಕೊಟ್ಟು ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದಾರೆ. ಆ ಕಾರ್ಡಿನ ಹೆಸರಿನಲ್ಲಿ ಈವರೆಗೆ ನಡೆದಿರುವ ಹಣದ ವ್ಯವಹಾರ ಅದೊಂದೇ.

ಕಳೆದ ತಿಂಗಳು ಅಮ್ಮನ ಶುಗರ್ 300 ದಾಟಿದಾಗ, ಈ ಕಾರ್ಡನ್ನು ಒಪ್ಪುವ ಎಂ.ಡಿ. ಡಾಕ್ಟರೊಬ್ಬರನ್ನು ಹುಡುಕಿಕೊಂಡು ನಮ್ಮ ತಾಲ್ಲೂಕು ಕೇಂದ್ರವನ್ನೆಲ್ಲ ಸುತ್ತಿದೆ. ಪುಕ್ಕಟೆ ನೋಡುವ ಸರ್ಕಾರಿ ಆಸ್ಪತ್ರೆಯಲ್ಲಿ ಫಿಜಿಷಿಯನ್ ಕೊಠಡಿಗೆ ಬೀಗ. ವಾರಕ್ಕೆ ಮೂರು ದಿನ ಅವರಿಗೆ ಪಕ್ಕದ ತಾಲ್ಲೂಕಿನಲ್ಲಿ ನಿಯೋಜನೆಯಂತೆ. ಆ ಮೂರು ದಿನಗಳು ಯಾವುವು ಎಂಬುದು ಬೀಗ ನೋಡಿದ ಮೇಲಷ್ಟೇ ತಿಳಿಯುತ್ತದೆ. ಬಸ್ ನಿಲ್ದಾಣದ ಹಿಂದಿನ ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ಯೋಜನೆಯ ಫಲಕ ನಮ್ಮ ಮನೆಯ ಜಗಲಿಗಿಂತ ದೊಡ್ಡದಾಗಿತ್ತು. ಒಳಗೆ ಕುಳಿತಿದ್ದ ಆರೋಗ್ಯ ಮಿತ್ರರು, ಅಂದರೆ ಕಾರ್ಡಿನವರಿಗೆ ನೆರವಾಗಲು ಇರುವ ಯೋಜನೆಯ ಸಿಬ್ಬಂದಿ, ಹೆಸರಿಗೆ ತಕ್ಕಂತೆ ಸ್ನೇಹಪರರೇ.

‘ಅಡ್ಮಿಟ್ ಮಾಡ್ತೀರಾ ಸರ್?’

‘ಇಲ್ಲ, ಡಾಕ್ಟರಿಗೆ ತೋರಿಸಬೇಕಷ್ಟೆ.’

‘ಓಪಿಡಿಗೆ ಕಾರ್ಡ್ ನಡೆಯಲ್ಲ. ಕೌಂಟರಲ್ಲಿ 600 ಕಟ್ಟಿ. ಅಡ್ಮಿಟ್ ಅಂದ್ರೂ ಸರ್ಕಾರಿ ಆಸ್ಪತ್ರೆಯ ರೆಫರಲ್ ತರಬೇಕು.’

ಆ ಪತ್ರ ಬರೆಯಬೇಕಾದವರು, ನೀವು ಊಹಿಸಿದಂತೆ, ಬೀಗದ ಕೊಠಡಿಯವರು.

ಯೋಜನೆಯನ್ನು ರೂಪಿಸಿದವರ ದೂರದೃಷ್ಟಿಗೆ ತಲೆಬಾಗಲೇಬೇಕು. 2018ರಿಂದ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಅಭಯವಿದೆ. ಆಸ್ಪತ್ರೆ ಸೇರುವ ಮೊದಲಿನ 3 ದಿನಗಳ, ಬಿಡುಗಡೆಯಾದ ನಂತರದ 15 ದಿನಗಳ ಖರ್ಚೂ ಅದರಲ್ಲೇ ಅಡಕವೆಂದು ಕೇಂದ್ರದ ನಿಯಮ ಹೇಳುತ್ತದೆ. ಆದ್ದರಿಂದ ಶಿಸ್ತಿನ ಮಧುಮೇಹಿಯಾದವನು ತನ್ನ ಕಾಯಿಲೆಯನ್ನು ಮಂಚ ಸಿಗುವುದಕ್ಕೆ ಸರಿಯಾಗಿ ಮೂರು ದಿನ ಮೊದಲು ಆರಂಭಿಸಿ, ಮನೆಗೆ ಬಂದ ಹದಿನೈದನೆಯ ದಿನದ ಸಂಜೆಯೊಳಗೆ ಮುಗಿಸತಕ್ಕದ್ದು. ಇಪ್ಪತ್ತು ವರ್ಷಗಳಿಂದ ಶುಗರ್ ಸಾಕಿಕೊಂಡಿರುವ ಅಮ್ಮನದು ಶುದ್ಧ ಅಶಿಸ್ತು. ಮೂತ್ರಪಿಂಡ ಕೈಕೊಟ್ಟರೆ, ಹೃದಯ ಮುಷ್ಕರ ಹೂಡಿದರೆ, ಕಾಲು ಕೊಳೆತು ಕತ್ತರಿಸುವ ಹಂತಕ್ಕೆ ಬಂದರೆ ಸರ್ಕಾರ ಥೈಲಿ ಹಿಡಿದು ಓಡಿಬರುತ್ತದೆ. ಅಲ್ಲಿಯವರೆಗೆ ರೋಗಿ ತಾಳ್ಮೆಯಿಂದ ಹದಗೆಡುತ್ತಿರಬೇಕು.

ನಿಜಕ್ಕೂ ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಕಾಲು ಕತ್ತರಿಸುವುದಕ್ಕೆ ಹಣವಿದೆ, ಆ ಕಾಲನ್ನು ಉಳಿಸಬಲ್ಲ ಐದು ನಿಮಿಷದ ತಪಾಸಣೆಗೆ ಇಲ್ಲ ಎಂಬ ಲೆಕ್ಕವನ್ನು ಇಷ್ಟು ವರ್ಷಗಳಾದರೂ ಯಾರೂ ತಿದ್ದಿಲ್ಲ. ಕೂಲಿಯವನೊಬ್ಬ ಈ ವರ್ಷಗಳಲ್ಲಿ ಆ 600 ರೂಪಾಯಿ ಉಳಿಸಲು ಎಷ್ಟು ಸಲ ಮಾತ್ರೆ ಬಿಟ್ಟಿರುತ್ತಾನೋ!

ದುಡ್ಡು ಕಟ್ಟಿದೆವು. ಹೊರಡುವಾಗ ಅಮ್ಮ ಕಾರ್ಡನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತ ಮಿತ್ರರಿಗೆ ಸಮಾಧಾನ ಹೇಳಿದರು: ‘ಬೇಜಾರು ಮಾಡ್ಕೋಬೇಡಪ್ಪ, ಮುಂದಿನ ಸಲ ಅಡ್ಮಿಟ್ ಆಗೋ ಹಾಗೇ ಬರ್ತೀನಿ.’